ಸೇತುವೆ ಕುಣಿಸುವ ಅಕ್ಕ

ಅಕ್ಕ ಯಾವ ಸೇತುವೆಯನ್ನೂ ಒಂದೇ ಉಸಿರಿಗೆ ದಾಟಿದವರಲ್ಲ. ನಟ್ಟನಡುವೆ ಬಂದು ನಿಂತುಬಿಡುತ್ತಾರೆ. ಪಾದಗಳನ್ನು ಗೇಣಗಲ ಬಿಡಿಸಿ, ಮಂಡಿಗಳನ್ನು ಸಡಿಲಬಿಟ್ಟು, ಕಣ್ಣನ್ನು ಅರೆಮುಚ್ಚಿ, ಕತ್ತನ್ನು ತುಸು ವಾಲಿಸಿ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ತನ್ಮಯತೆಯಲ್ಲಿ ಅಂಗಾಲಿನಿಂದ ಆಲಿಸುತ್ತಾರೆ. ಹಿಂದಿನಿಂದ ಬರುವವರು ಗೊಣಗುತ್ತ ಬಳಸಿಕೊಂಡು ಹೋಗುತ್ತಾರೆ. ಒಮ್ಮೆ ಸಂಭಾವಿತರೊಬ್ಬರು ಪಾಪ ತಲೆಸುತ್ತು ಬಂದಿರಬೇಕೆಂದು ಭಾವಿಸಿ ನೀರಿನ ಬಾಟಲಿಯನ್ನು ಮುಂದೆ ಚಾಚಿದರು. ಅಕ್ಕ ಕಣ್ಣನ್ನೂ ತೆರೆಯದೆ, "ಒಂದು ನಿಮಿಷ ಇರಿ, ರೈಲು ಬರ್ತಿದೆ, ಇದೇನು ಹೇಳತ್ತೋ ಕೇಳೋಣ" ಎಂದರು. ಆ ಸಂಭಾವಿತರು ಬಾಟಲಿಯನ್ನು ಚೀಲಕ್ಕೆ ವಾಪಸು ಹಾಕಿಕೊಂಡು, ಹತ್ತು ಹೆಜ್ಜೆ ಹೋಗಿ, ತಿರುಗಿ ನೋಡಿ, ಉಳಿದ ಸೇತುವೆಯನ್ನು ಬೇಗಬೇಗ ಮುಗಿಸಿದರು.

ಆಗೆಲ್ಲ ನಾನು ಎರಡು ಹೆಜ್ಜೆ ಹಿಂದೆ, ಈ ಹೆಂಗಸಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂಬ ಮುಖಮುದ್ರೆಯನ್ನು ಧರಿಸಿ, ಕಂಬಿಗೆ ಒರಗಿ ಫೋನು ನೋಡುತ್ತ ನಿಂತಿರುತ್ತಿದ್ದೆ. ಸಂಬಂಧವೇನೋ ಇತ್ತು. ಕಟ್ಟಡ, ಸೇತುವೆ, ನೀರಿನ ಟ್ಯಾಂಕುಗಳ ಬಲಾಬಲವನ್ನು ಗಣಿಸಿ ಹೇಳುವ ಒಂದು ಪುಟ್ಟ ಕಚೇರಿಯಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ಇದ್ದರು. ನಾನು ಹದಿನಾಲ್ಕು ತಿಂಗಳಿಂದ ಇದ್ದೆ. ನನ್ನ ಅಸ್ತಿತ್ವವನ್ನು ಆ ಕಚೇರಿ ಗುರುತಿಸುತ್ತಿದ್ದುದು ಎರಡೇ ಸಂದರ್ಭಗಳಲ್ಲಿ: ಸಂಬಳದ ದಿನ ಒಮ್ಮೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಹಲವು ಸಲ. ಆಕೆಯನ್ನಾದರೋ ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಎಂಟು ವರ್ಷ ಹಿರಿಯರಾದ ನಮ್ಮ ಯಜಮಾನರೂ ಲವಲೇಶ ಸಂಕೋಚವಿಲ್ಲದೆ, "ಅಕ್ಕಾ, ಆ ಟ್ಯಾಂಕಿನ ಫೈಲ್ ಏನಾಯ್ತು?" ಎಂದು ತಮ್ಮನ ದನಿಯಲ್ಲೇ ಕೇಳುತ್ತಿದ್ದರು.

ಮೈಮೇಲೆ ಸದಾಕಾಲ ಬೂದುಬಣ್ಣದ ಒಂದು ಗಂಡಸರ ಕೋಟು. ಯಾವುದೋ ಕಾಲದಲ್ಲಿ, ಎಲ್ಲೋ ಕಟ್ಟಡ ಏಳುತ್ತಿದ್ದ ಕಡೆ, ಮಳೆಯಲ್ಲಿ ನೆನೆದಾಗ ಗುತ್ತಿಗೆದಾರನೊಬ್ಬ ಹೊದಿಸಿದ್ದಂತೆ. ಆತ ವಾಪಸು ಕೇಳಲಿಲ್ಲ, ಇವರು ಕೊಡಲಿಲ್ಲ. ತೋಳನ್ನು ಎರಡು ಮಡಿಕೆ ಮಡಚಿದರೂ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಎಡಜೇಬಿನಲ್ಲಿ ಉಕ್ಕಿನ ಅಡಿಪಟ್ಟಿ, ಬಲಜೇಬಿನಲ್ಲಿ ದಾರದುಂಡೆ, ಸೀಮೆಸುಣ್ಣ, ಯಾವಾಗಲೋ ಇಟ್ಟು ಮರೆತ ಪೆಪ್ಪರಮೆಂಟು. ಕುರ್ಚಿಯಲ್ಲಿ ಕೂರುವಾಗಲೆಲ್ಲ ಅಡಿಪಟ್ಟಿ ಪಕ್ಕೆಗೆ ತಿವಿಯುವುದು, ಅವರು "ಅಯ್ಯೋ" ಎನ್ನುವುದು, ಅದನ್ನು ಬೇರೆ ಜೇಬಿಗೆ ಬದಲಿಸದೆ ಇರುವುದು: ಈ ಮೂರೂ ಇಪ್ಪತ್ತಾರು ವರ್ಷ ನಿರ್ವಿಘ್ನವಾಗಿ ನಡೆದುಕೊಂಡು ಬಂದಿದ್ದವು.

ಅವರ ಕೆಲಸವನ್ನು ನಾನು ಮನೆಯಲ್ಲಿ ವಿವರಿಸಿದಾಗ ನನ್ನ ತಾಯಿ, "ಅಂದ್ರೆ ಸಿನಿಮಾ ಮಾಡ್ತಾರಾ?" ಎಂದು ಕೇಳಿದ್ದಳು. ಹಾಗೆಂದರೂ ತಪ್ಪಿಲ್ಲ. ಕಂಪ್ಯೂಟರು ಒಂದು ಕಟ್ಟಡದ ಲೆಕ್ಕವನ್ನೆಲ್ಲ ಮುಗಿಸಿ ಸಾವಿರಾರು ಅಂಕಿಗಳನ್ನು ಉಗುಳುತ್ತದೆ. ಗಾಳಿ ಬೀಸಿದಾಗ, ಭೂಮಿ ನಡುಗಿದಾಗ, ಜನ ಗುಂಪಾಗಿ ನಡೆದಾಗ ಈ ಮೂಲೆ ಇಷ್ಟು ಸರಿಯುತ್ತದೆ, ಆ ತೊಲೆ ಅಷ್ಟು ಬಾಗುತ್ತದೆ ಎಂದು. ಆ ಅಂಕಿಗಳನ್ನು ಓದಲು ಹಣ ಕೊಟ್ಟವರಿಗೆ ಪುರುಸೊತ್ತಿಲ್ಲ, ಅದರ ಮೇಲೆ ನಡೆಯುವವರಿಗೆ ಬರುವುದಿಲ್ಲ. ಆದ್ದರಿಂದ ಅದೇ ತಂತ್ರಾಂಶದಿಂದ ಚಲಿಸುವ ಚಿತ್ರವೊಂದನ್ನು ಹೊರತೆಗೆದು, ಕಟ್ಟಡ ಹೇಗೆ ಬಾಗುತ್ತದೆ, ಹೇಗೆ ತಿರುಚಿಕೊಳ್ಳುತ್ತದೆ, ಹೇಗೆ ಮತ್ತೆ ನೆಟ್ಟಗಾಗುತ್ತದೆ ಎಂದು ಅರ್ಧ ನಿಮಿಷದಲ್ಲಿ ತೋರಿಸಬೇಕು. ಇದರಲ್ಲೊಂದು ಪೇಚಿದೆ. ನಿಜವಾದ ಚಲನೆ ಅತ್ಯಲ್ಪ. ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಅದನ್ನು ಐವತ್ತು ಪಟ್ಟು, ನೂರು ಪಟ್ಟು ಹಿಗ್ಗಿಸಿ ತೋರಿಸುತ್ತಾರೆ. ಪರದೆಯ ಮೇಲೆ ಹತ್ತು ಮಹಡಿಯ ಗಂಭೀರ ಕಟ್ಟಡವೊಂದು ಅಮಲೇರಿದವನ ಹಾಗೆ ತೂರಾಡುತ್ತದೆ.

ಉತ್ಪ್ರೇಕ್ಷೆಯೇ ವೃತ್ತಿಯಾದ ಈ ಹೆಂಗಸು ಬದುಕಿನಲ್ಲಿ ಮಾತ್ರ ಎಳ್ಳಷ್ಟು ಉತ್ಪ್ರೇಕ್ಷೆಯನ್ನೂ ಸಹಿಸುತ್ತಿರಲಿಲ್ಲ. ಯಾರು ಏನೇ ದೊಡ್ಡದು ಮಾಡಿ ಹೇಳಲಿ, "ಎಷ್ಟು ಪಟ್ಟು?" ಎಂಬ ಒಂದೇ ಪ್ರಶ್ನೆ. ತಲೆನೋವಿನಿಂದ ಪ್ರಾಣ ಹೋಗುತ್ತಿದೆ ಎಂದು ನಾನು ರಜೆ ಕೇಳಿದರೆ, "ಎಷ್ಟು ಪಟ್ಟು?" ಗ್ರಾಹಕರು ಕೊಲ್ಲಲು ಬರುತ್ತಿದ್ದಾರೆ ಎಂದು ಯಜಮಾನರು ಒದ್ದಾಡಿದರೆ, "ಎಷ್ಟು ಪಟ್ಟು, ಸಾರ್?" ಅವರ ಗಂಡ ಬಸ್ಸಿನ ಚಾಲಕರು. ಒಮ್ಮೆ ಕಚೇರಿಗೆ ಊಟದ ಡಬ್ಬಿ ತಂದವರು ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ತಮ್ಮ ಸಂಕಟ ತೋಡಿಕೊಂಡರು: "ಮದುವೆಯಾದ ಹೊಸದ್ರಲ್ಲಿ, ನಿನ್ನ ಬಿಟ್ಟು ಒಂದು ದಿನ ಇರೋಕಾಗಲ್ಲ ಅಂದೆ ಕಣಪ್ಪ. ಎಷ್ಟು ಪಟ್ಟು ಅಂದ್ಲು. ಆವತ್ತಿಂದ ನಾನು ಬಸ್ಸಿನ ಹತ್ರಾನೇ ಮಾತಾಡೋದು." ಹಾಗೆನ್ನುವಾಗ ಆ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ದೂರಿನ ಒಂದಕ್ಷರವೂ ನಂಬುವಂತಿರಲಿಲ್ಲ.

ಪರದೆಯ ಮೇಲೆ ತೋರಿಸುವ ಮೊದಲು ಅಕ್ಕ ಮೈಯಿಂದ ತೋರಿಸುತ್ತಿದ್ದರು. ಎತ್ತರದ ಕಟ್ಟಡದ ಮೊದಲನೆಯ ಬಗೆಯ ತೂಗಾಟವೆಂದರೆ ಕಾಲು ನೆಲಕ್ಕೆ ಕಚ್ಚಿ ಇಡೀ ದೇಹ ಒಂದೇ ಕಡೆಗೆ ವಾಲುವುದು. ಎರಡನೆಯದೆಂದರೆ ಸೊಂಟ ಎಡಕ್ಕೆ, ತಲೆ ಬಲಕ್ಕೆ. ಮೂರನೆಯದೆಂದರೆ ಹಿಂಡಿದ ಬಟ್ಟೆಯಂತೆ ಮೈ ತಿರುಚಿಕೊಳ್ಳುವುದು. ಮೊದಲ ಸಲ ಬಂದ ಗ್ರಾಹಕರೊಬ್ಬರು ಬಾಗಿಲು ತೆರೆದಾಗ, ಐವತ್ತೆರಡು ವರ್ಷದ ಹೆಂಗಸೊಬ್ಬರು ಬೂದು ಕೋಟಿನಲ್ಲಿ ಎರಡನೆಯ ಬಗೆಯನ್ನು ಅಭಿನಯಿಸುತ್ತಿದ್ದರು. ಎದುರಿಗೆ ನಾನು ಬಾಯಿ ಬಿಟ್ಟುಕೊಂಡು ಅದನ್ನೇ ಅನುಕರಿಸುತ್ತಿದ್ದೆ. ಆತ "ತಪ್ಪು ಮಹಡಿಗೆ ಬಂದೆ ಅನ್ಸತ್ತೆ" ಎಂದು ಕ್ಷಮೆ ಕೇಳಿ ಬಾಗಿಲು ಹಾಕಿಕೊಂಡರು. ಯಜಮಾನರು ಮೆಟ್ಟಿಲಿಳಿದು ಓಡಿ ಕರೆತರಬೇಕಾಯಿತು.

ವಿಡಿಯೋ ಮಾಡುವಲ್ಲಿ ಅಕ್ಕನಿಗೆ ಕೆಲವು ಹಟಗಳಿದ್ದವು. ನೋಡುವ ಕಣ್ಣನ್ನು ಅವರು ಎಂದೂ ಆಕಾಶದಲ್ಲಿ ಇಡುತ್ತಿರಲಿಲ್ಲ. ನಾನು ಮೇಲಿನಿಂದ ಸುತ್ತಿ ಸುತ್ತಿ ಇಳಿದುಬರುವಂತೆ ಒಂದು ಮಾಡಿ ತೋರಿಸಿದಾಗ, "ಚೆನ್ನಾಗಿದೆ. ಆದ್ರೆ ಹಕ್ಕಿಗೆ ಸೇತುವೆ ಯಾಕೆ ಬೇಕು? ನಡೆಯೋರ ಕಣ್ಣಿಂದ ತೋರಿಸು ತಮ್ಮಾ" ಎಂದಿದ್ದರು. ಇನ್ನೊಂದು, ಪ್ರತಿ ವಿಡಿಯೋದ ಮೊದಲ ಹತ್ತು ಸೆಕೆಂಡು ಹಿಗ್ಗಿಸದ, ನಿಜದ ಅಳತೆಯ ಚಲನೆ. ಅದರಲ್ಲಿ ಏನೂ ಅಲುಗುವುದಿಲ್ಲ. ನೋಡುವವರು ಕಂಪ್ಯೂಟರು ಕೆಟ್ಟಿದೆಯೆಂದು ಭಾವಿಸಿ ಮೌಸನ್ನು ಕುಟ್ಟುತ್ತಾರೆ. "ಕುಟ್ಲಿ, ಇದೇ ನಿಜ, ಇದನ್ನ ನೋಡಿದ ಮೇಲೆ ಉಳಿದದ್ದು ನೋಡ್ಲಿ" ಎಂಬುದು ಅಕ್ಕನ ವಾದ. ಮತ್ತು ಕೆಳಗಿನ ಮೂಲೆಯಲ್ಲಿ, ದಪ್ಪಕ್ಷರದಲ್ಲಿ, ಎಷ್ಟು ಪಟ್ಟು ಹಿಗ್ಗಿಸಿದೆ ಎಂಬ ಅಂಕಿ. ಅದು ನನ್ನ ಸೌಂದರ್ಯಪ್ರಜ್ಞೆಗೆ ವಿಪರೀತ ನೋವುಂಟುಮಾಡುತ್ತಿತ್ತು. ನನಗೂ ಒಂದು ಸೌಂದರ್ಯಪ್ರಜ್ಞೆ ಇದೆಯೆಂದು ಆಗ ನಾನು ನಂಬಿದ್ದೆ.

ಆ ಪ್ರಜ್ಞೆಗೆ ಒಂದು ಸುವರ್ಣಾವಕಾಶ ಒದಗಿತು. ನಗರದ ರೈಲು ಹಳಿಗಳ ಮೇಲೆ ಒಂದು ಉಕ್ಕಿನ ಕಾಲುಸೇತುವೆ. ಹಳಿಯ ಈಚೆ ಶಾಲೆ, ಆಸ್ಪತ್ರೆ, ಅಂಗಡಿಗಳು. ಆಚೆ ನಾಲ್ಕು ಸಾವಿರ ಮನೆ. ಸೇತುವೆ ಇಲ್ಲವೆಂದರೆ ಮುಕ್ಕಾಲು ಗಂಟೆ ಸುತ್ತಬೇಕು, ಇಲ್ಲವೇ ಹಳಿಗಿಳಿದು ಓಡಬೇಕು. ಶಾಲೆ ಬಿಟ್ಟಾಗ ಮಕ್ಕಳು ಒಟ್ಟಾಗಿ ನುಗ್ಗಿದರೆ ಸೇತುವೆ ಪಕ್ಕಕ್ಕೆ ತೂಗುತ್ತದೆಂದು ಜನ ದೂರು ಕೊಟ್ಟರು. ಅದನ್ನು ತೆಗೆದುಹಾಕಬೇಕೋ, ಬಲಪಡಿಸಿ ಉಳಿಸಿಕೊಳ್ಳಬಹುದೋ ಎಂದು ಹೇಳುವ ಕೆಲಸ ನಮಗೆ ಬಂತು. ಅಕ್ಕ ಮೂರು ದಿನ ಅದರ ಮೇಲೆ ನಿಂತು ಬಂದರು. ನಾನು ಮೂರು ದಿನ ಅಪರಿಚಿತನಾಗಿದ್ದೆ. ಲೆಕ್ಕವೂ ಆಯಿತು. ಈಗ ಸೇತುವೆಯ ನಡುಭಾಗ ಹದಿನೆಂಟು ಮಿಲಿಮೀಟರು ಸರಿಯುತ್ತದೆ; ಕೆಳಗಡೆ ಕತ್ತರಿಯಾಕಾರದಲ್ಲಿ ಉಕ್ಕಿನ ಅಡ್ಡಪಟ್ಟಿಗಳನ್ನು ಬಿಗಿದರೆ ನಾಲ್ಕಕ್ಕೆ ಇಳಿಯುತ್ತದೆ. ಬೀಳುವ ಭಯ ಈಗಲೂ ಇಲ್ಲ, ಆಮೇಲೂ ಇಲ್ಲ. ಮುಂಚಿನದೊಂದು, ಬಲಪಡಿಸಿದ ಮೇಲಿನದೊಂದು, ಎರಡು ವಿಡಿಯೋ ಆಗಬೇಕು. ಅಷ್ಟರಲ್ಲಿ ಅಕ್ಕನ ಗಂಡನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ ಬಂತು, ಅವರು ನಾಲ್ಕು ದಿನ ರಜೆ ಹಾಕಿದರು. "ನಾನು ಬಂದು ಮಾಡ್ತೀನಿ, ಮುಟ್ಬೇಡ" ಎಂದು ಹೇಳಿಹೋದರು.

ಮುಟ್ಟಿದೆ. ಬಹಳ ಪ್ರೀತಿಯಿಂದ ಮುಟ್ಟಿದೆ. ಹತ್ತು ಸೆಕೆಂಡಿನ ಜಡಚಿತ್ರವನ್ನು ಕಿತ್ತೆಸೆದೆ. ಮೂಲೆಯ ಅಂಕಿಯನ್ನು ಅಳಿಸಿದೆ. ಸರಿಯುವಿಕೆ ಹೆಚ್ಚಿದ ಹಾಗೆ ನೀಲಿ ಹಳದಿಯಾಗಿ, ಹಳದಿ ಕೆಂಪಾಗಿ ಉರಿಯುವಂತೆ ಬಣ್ಣ ಹಾಕಿದೆ. ಪಿಟೀಲಿನ ಹಿನ್ನೆಲೆ ಸಂಗೀತವನ್ನೂ ಸೇರಿಸಿದೆ. ಯಜಮಾನರು ಪ್ರವಾಸದಲ್ಲಿದ್ದರು, ಫೋನಿನಲ್ಲೇ ನೋಡಿ "ಭೇಷ್" ಎಂದರು, ನಗರಸಭೆಯ ಅಧಿಕಾರಿ ಅದನ್ನು ಶಾಲೆಯ ಸಭಾಂಗಣದಲ್ಲಿ ಸೇರಿದ ಜನರ ಮುಂದೆ ದೊಡ್ಡ ಪರದೆಯ ಮೇಲೆ ಹಾಕಿದರು. ನಾನು ಹಿಂದಿನ ಸಾಲಿನಲ್ಲಿ, ಚಪ್ಪಾಳೆಗೆ ಸಿದ್ಧನಾಗಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ಮೊದಲ ವಿಡಿಯೋದಲ್ಲಿ ಸೇತುವೆ ಹಾವಿನಂತೆ ಹೊರಳಿತು. ಸಭೆ ಉಸಿರು ಬಿಗಿಹಿಡಿಯಿತು. ಎರಡನೆಯದರಲ್ಲಿ, ಅಡ್ಡಪಟ್ಟಿ ಬಿಗಿದ ಸೇತುವೆ, ಅಷ್ಟೇ ಅಗಲಕ್ಕೆ, ಅಷ್ಟೇ ಕೆಂಪಾಗಿ, ಅದೇ ಪಿಟೀಲಿಗೆ ಹೊರಳಿತು.

ಮುಂದಿನ ಸಾಲಿನಿಂದ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಒಬ್ಬ ಹೆಂಗಸು ಎದ್ದರು. ಹಳಿಯ ಈಚೆ ಅಂಗಡಿ, ಆಚೆ ಮನೆ ಇರುವ ಟೈಲರಮ್ಮ. ಎರಡೂ ಮಂಡಿ ಸವೆದ ಅವರಿಗೆ ಮುಕ್ಕಾಲು ಗಂಟೆಯ ಸುತ್ತುದಾರಿ ಎಂದರೆ ಅಂಗಡಿಗೆ ಬೀಗ ಎಂದೇ ಅರ್ಥ.

"ಏನಪ್ಪಾ ಇದು? ರಿಪೇರಿ ಮಾಡಿದ ಮೇಲೂ ಹಂಗೇ ಕುಣೀತಿದೆಯಲ್ಲ!"

"ಸಂಗೀತಕ್ಕೆ ಕುಣೀತಿದೆ ಬಿಡಿ ಅಮ್ಮ" ಎಂದು ಯಾರೋ ಅಂದರು. ನಗು ಎದ್ದಿತು, ಅರ್ಧಕ್ಕೇ ಸತ್ತಿತು.

"ನಗ್ಬೇಡಿ. ನನ್ನ ಮೊಮ್ಮಗಳು ದಿನಾ ಎರಡು ಸಲ ಅದರ ಮೇಲೆ ಹೋಗ್ತಾಳೆ. ಸೇತುವೆ ಬೇಕು ಅಂತ ಅರ್ಜಿಗೆ ಮೊದಲು ಸಹಿ ಹಾಕಿದವಳು ನಾನೇ. ಈಗ ನೀವೇ ಹೇಳಿ, ಇದರ ಮೇಲೆ ಮಗೂನ ಕಳಿಸ್ಲಾ?"

ನನ್ನ ಕಾಲು ಕಾಲ ಮೇಲಿಂದ ತಾನಾಗಿಯೇ ಇಳಿಯಿತು. ಏನೋ ಆಗಿದೆಯೆಂದು ಗೊತ್ತಾಯಿತು, ಏನೆಂದು ಹೊಳೆಯಲಿಲ್ಲ. ಸಂಜೆಯೊಳಗೆ ಆ ವಿಡಿಯೋ ಫೋನಿಂದ ಫೋನಿಗೆ ಹಾರಿ ನಗರವನ್ನೆಲ್ಲ ಸುತ್ತಿತು. ಮರುದಿನ ಸೇತುವೆಯ ಎರಡೂ ಬಾಯಿಗೆ ಹಗ್ಗ ಕಟ್ಟಿದರು. ಮಕ್ಕಳು ಚೀಲ ಹೊತ್ತು ಹಳಿ ದಾಟತೊಡಗಿದರು. ಮುಂದಿನ ಸಭೆಯಲ್ಲಿ ಸೇತುವೆಯನ್ನು ಕಳಚುವ ತೀರ್ಮಾನವಾಗುತ್ತದೆ ಎಂದು ಅಧಿಕಾರಿ ತಿಳಿಸಿದರು. ಅದಕ್ಕೆ ಆರು ದಿನವಿತ್ತು.

ರಜೆ ಮುಗಿಸಿ ಬಂದ ಅಕ್ಕ ಬೈಯಲಿಲ್ಲ. ವಿಡಿಯೋ ಎರಡನ್ನೂ ಪಿಟೀಲು ಸಮೇತ ಪೂರ್ತಿ ನೋಡಿದರು. ಕುರ್ಚಿ ಎಳೆದುಕೊಂಡು, ಅಡಿಪಟ್ಟಿ ತಿವಿಸಿಕೊಂಡು, ಕೂತರು.

"ಮೊದಲನೆಯದು ಎಷ್ಟು ಪಟ್ಟು?"

"ಗೊತ್ತಿಲ್ಲ ಅಕ್ಕಾ."

"ಎರಡನೆಯದು?"

"ಅದೂ ಗೊತ್ತಿಲ್ಲ. ಅದೇ ಆರಿಸ್ಕೊಳ್ಳತ್ತಲ್ಲ..."

ಹೇಳುತ್ತಿರುವಾಗಲೇ ನನಗೆ ಹೊಳೆದದ್ದು. ತಂತ್ರಾಂಶಕ್ಕೆ ಬಿಟ್ಟರೆ ಅದು ಪ್ರತಿಯೊಂದು ಫಲಿತಾಂಶವನ್ನೂ ಪರದೆಯಲ್ಲಿ ಚೆನ್ನಾಗಿ ಕಾಣುವಷ್ಟು ಹಿಗ್ಗಿಸುತ್ತದೆ. ತೆರೆದು ನೋಡಿದರೆ, ಹದಿನೆಂಟನ್ನು ನೂರು ಪಟ್ಟು ಹಿಗ್ಗಿಸಿತ್ತು. ನಾಲ್ಕನ್ನು ನಾನೂರೈವತ್ತು ಪಟ್ಟು. ಗುಣಿಸಿದರೆ ಎರಡೂ ಒಂದೇ. ಕೆಂಪೂ ಹಾಗೆಯೇ; ಇದ್ದುದರಲ್ಲಿ ಹೆಚ್ಚು ಸರಿದದ್ದು ಯಾವುದೋ ಅದಕ್ಕೆ ಕೆಂಪು ಬಳಿಯುತ್ತದೆ, ಅದು ಕೂದಲೆಳೆಯಷ್ಟೇ ಸರಿದಿದ್ದರೂ. ಸೇತುವೆಯ ರೋಗವನ್ನೂ ಆರೋಗ್ಯವನ್ನೂ ಅಳೆದು ತೂಗಿ ಸಮ ಮಾಡಿ, ಮೇಲೆ ಪಿಟೀಲು ಬಾರಿಸಿ, ಊರಿನ ಮುಂದೆ ಇಟ್ಟುಬಂದಿದ್ದೆ.

ಯಜಮಾನರು ಪ್ರವಾಸದಿಂದ ಧಾವಿಸಿ ಬಂದರು. ಅವರಿಗೊಂದು ಸುಲಭೋಪಾಯ ಹೊಳೆದಿತ್ತು. "ಅಕ್ಕಾ, ಮೊದಲಿನದ್ದು ಹಾಗೇ ಇರ್ಲಿ. ಎರಡನೆಯದನ್ನ ಹತ್ತು ಪಟ್ಟಿಗೆ ಇಳಿಸಿಬಿಡಿ. ಕಲ್ಲಿನ ಹಾಗೆ ನಿಲ್ಲತ್ತೆ. ಜನಕ್ಕೂ ಸಮಾಧಾನ, ಸೇತುವೆನೂ ಉಳಿಯತ್ತೆ. ಒಳ್ಳೇದಕ್ಕೇ ತಾನೆ? ಯಾರಿಗೆ ಗೊತ್ತಾಗತ್ತೆ?"

"ಟೈಲರಮ್ಮನಿಗೆ ಗೊತ್ತಾಗತ್ತೆ ಸಾರ್. ಟೇಪು ಕೊರಳಲ್ಲೇ ಇದೆಯಂತೆ."

"ನಿಜವನ್ನೇ ತೋರಿಸಿ ಸೇತುವೆ ಹೋದ್ರೆ?"

ಅಕ್ಕನ ಮುಖ ಕಂದಿತ್ತು; ಆ ಸಾಧ್ಯತೆಯನ್ನು ಅವರು ನಮ್ಮೆಲ್ಲರಿಗಿಂತ ಮೊದಲೇ ಅಳೆದಿದ್ದರೆಂದು ನನಗನ್ನಿಸಿತು. "ಹೋಗಬಾರದು ಅಂತ ನನಗೂ ಇದೆ" ಎಂದಷ್ಟೇ ಹೇಳಿ ಪರದೆಯತ್ತ ತಿರುಗಿದರು.

ಎರಡು ದಿನ ಕೂತು ಮಾಡಿದರು. ನಾನು ಪಕ್ಕದಲ್ಲಿ ಕೂತು ಹೇಳಿದ್ದನ್ನು ಒತ್ತಿದೆ. ಎರಡಕ್ಕೂ ನೂರೇ ಪಟ್ಟು. ಎರಡಕ್ಕೂ ಒಂದೇ ಬಣ್ಣದ ಅಳತೆ. ಸೇತುವೆ ಒಂದು ಸಲ ತೂಗಿ ಮರಳಲು ನಿಜವಾಗಿ ಎಷ್ಟು ಹೊತ್ತು ಬೇಕೋ ಪರದೆಯಲ್ಲೂ ಅಷ್ಟೇ ಹೊತ್ತು. ರಭಸ ಬರಲೆಂದು ನಾನು ಅದರ ವೇಗವನ್ನೂ ದುಪ್ಪಟ್ಟು ಮಾಡಿದ್ದೆ ಎಂಬುದು ಆಗ ಬಯಲಾಯಿತು. ನೋಡುವ ಕಣ್ಣು ಎಲ್ಲಿರಬೇಕೆಂದು ಕೇಳಿದಾಗ, ಆ ಶಾಲೆಯ ಎಂಟು ವರ್ಷದ ಹುಡುಗಿ ಎಷ್ಟೆತ್ತರ ಇರುತ್ತಾಳೆಂದು ಅಡಿಪಟ್ಟಿಯಲ್ಲಿ ಗೋಡೆಯ ಮೇಲೆ ಗುರುತು ಹಾಕಿ, ಅಲ್ಲಿಡಿಸಿದರು.

ಸಭೆಯ ದಿನ ಬಾಗಿಲಲ್ಲಿ ನನ್ನ ತೋಳು ಹಿಡಿದರು. "ಮೊದಲನೆಯದು ತಪ್ಪಾಯ್ತು ಅಂತ ನೀನೇ ಹೇಳು. ನಾನು ಹೇಳಿದ್ರೆ ದೊಡ್ಡತನ ಆಗತ್ತೆ. ನೀನು ಹೇಳಿದ್ರೆ ನಂಬ್ತಾರೆ."

ಹೇಳಿದೆ. ನನ್ನ ದನಿ ಮೂರನೆಯ ಬಗೆಯಲ್ಲಿ ತಿರುಚಿಕೊಳ್ಳುತ್ತಿತ್ತು. ತಪ್ಪು ಏನೆಂದು, ಯಾಕೆಂದು, ಅಂಕಿ ಅಳಿಸಿದವನು ಯಾರೆಂದು ಹೇಳಿದೆ. "ಪಿಟೀಲು?" ಎಂದು ಯಾರೋ ಕೇಳಿದರು. "ಅದೂ ನಾನೇ" ಎಂದೆ. ಈ ಸಲದ ನಗು ಅರ್ಧಕ್ಕೆ ಸಾಯಲಿಲ್ಲ.

ಆಮೇಲೆ ಅಕ್ಕ ಹತ್ತು ಸೆಕೆಂಡು ಏನೂ ಅಲುಗದ ಸೇತುವೆಯನ್ನು ತೋರಿಸಿದರು. ಅಧಿಕಾರಿ ಮೌಸಿಗೆ ಕೈಹಾಕಿದರು. "ಕೆಟ್ಟಿಲ್ಲ ಸಾರ್, ಓಡ್ತಿದೆ. ನಿಜವಾಗಿ ಅಲುಗೋದು ಇಷ್ಟೇ. ಈ ಪರದೆಯ ಒಂದು ಚುಕ್ಕಿಯಷ್ಟೂ ಇಲ್ಲ. ಆದ್ರೆ ನಿಮ್ಮ ಕಾಲಿಗೆ ಅದು ಗೊತ್ತಾಗತ್ತೆ, ಹೆದರಿಕೆ ಆಗತ್ತೆ. ಆ ಹೆದರಿಕೆ ಸುಳ್ಳಲ್ಲ. ಈಗ ನೂರು ಪಟ್ಟು ದೊಡ್ಡದು ಮಾಡಿ ತೋರಿಸ್ತೀನಿ." ಎರಡು ಸೇತುವೆಗಳು ಅಕ್ಕಪಕ್ಕ ನಿಂತವು. ಎಡಗಡೆಯದು ಹೊರಳಿತು. ಬಲಗಡೆಯದು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಒಂದಿಷ್ಟು ಸರಿದು, ಸುಮ್ಮನಾಯಿತು.

ಟೈಲರಮ್ಮ ಕೊರಳಿನ ಟೇಪು ತೆಗೆದರು. "ನಿಜದ ಲೆಕ್ಕ ಹೇಳಮ್ಮಾ. ಈಗ ಎಷ್ಟು?"

"ಹದಿನೆಂಟು ಮಿಲಿಮೀಟರು."

ಟೇಪಿನ ಮೇಲೆ ಹೆಬ್ಬೆರಳಿಟ್ಟು ಸುತ್ತಲಿನವರಿಗೆ ತೋರಿಸಿದರು. "ಲಂಗದ ಅಂಚು ಮಡಚ್ತೀವಲ್ಲ, ಅಷ್ಟು. ಪಟ್ಟಿ ಹಾಕಿದ ಮೇಲೆ?"

"ನಾಲ್ಕು."

"ಎರಡು ಹೊಲಿಗೆ." ಸಭೆಯತ್ತ ತಿರುಗಿದರು. "ಇಷ್ಟಕ್ಕೇನ್ರೀ ನಾವು ಮಕ್ಕಳನ್ನ ರೈಲಿನ ಬಾಯಿಗೆ ಬಿಟ್ಟಿರೋದು?"

ಅಕ್ಕ ಅಲ್ಲಿಗೆ ಬಿಡಬಹುದಿತ್ತು. ಸಭೆ ಅವರ ಕೈಯಲ್ಲಿತ್ತು. ಬಿಡಲಿಲ್ಲ. "ಸೇತುವೆ ಬೀಳಲ್ಲ, ಆದ್ರೆ ತೂಗಿದಾಗ ಮಕ್ಕಳು ಹೆದರಿ ನೂಕಾಡಿಕೊಂಡು ಬೀಳಬಹುದು. ಪಟ್ಟಿ ಹಾಕೋವರೆಗೂ ಶಾಲೆ ಬಿಡೋ ಹೊತ್ತಲ್ಲಿ ಒಂದು ಸಲಕ್ಕೆ ಮೂವತ್ತು ಮಕ್ಕಳಿಗಿಂತ ಹೆಚ್ಚು ಹತ್ತಬಾರದು, ಯಾರಾದ್ರೂ ನಿಂತು ಎಣಿಸಿ ಬಿಡಬೇಕು. ಅದಾಗಲ್ಲ ಅಂದ್ರೆ ಹಗ್ಗ ಇರ್ಲಿ" ಎಂದರು. ಸಭೆಯಲ್ಲಿ ಗುಜುಗುಜು ಎದ್ದಿತು. ಯಾರು ನಿಲ್ಲುವುದು? ಯಜಮಾನರು ನನ್ನ ಪಕ್ಕದಲ್ಲಿ ಹಣೆ ಒತ್ತಿಕೊಂಡರು. ಕೊನೆಗೆ ನಿವೃತ್ತ ಪೋಸ್ಟ್‌ಮನ್ ಒಬ್ಬರು, "ನಾನು ನಿಲ್ತೀನಿ, ಮನೇಲಿ ಕೂತು ಏನ್ಮಾಡ್ಲಿ" ಎಂದು ಕೈ ಎತ್ತಿದರು. ಆಮೇಲೆ ಇನ್ನೊಂದು ಕೈ, ಮತ್ತೊಂದು. ಮರುದಿನ ಬೆಳಗ್ಗೆ ಹಗ್ಗ ಬಿಚ್ಚಿದರು.

ನಾಲ್ಕು ತಿಂಗಳಿಗೆ ಅಡ್ಡಪಟ್ಟಿಗಳು ಬಂದವು. ಕೆಲಸ ಮುಗಿದ ವಾರ ಅಕ್ಕ ಇಡೀ ಶಾಲೆಯನ್ನು ಸೇತುವೆಯ ಮೇಲೆ ಬಿಡಿಸಿ, ನಡುವೆ ಅಳೆಯುವ ಪೆಟ್ಟಿಗೆಯಿಟ್ಟು, ಅದರ ಪಕ್ಕದಲ್ಲಿ ಎಂದಿನಂತೆ ಕಣ್ಣು ಅರೆಮುಚ್ಚಿ ನಿಂತರು. ಮಕ್ಕಳ ಹೊಳೆ ಅವರನ್ನು ಎರಡೂ ಕಡೆಯಿಂದ ಬಳಸಿಕೊಂಡು ಹರಿಯಿತು. ನಾನೂ ಪಕ್ಕದಲ್ಲೇ ನಿಂತೆ, ಪರಿಚಯಸ್ಥನಂತೆ. ಪೆಟ್ಟಿಗೆ ಐದು ಮಿಲಿಮೀಟರು ಎಂದಿತು. ಲೆಕ್ಕ ಹೇಳಿದ್ದು ನಾಲ್ಕು. ಐದೂ ಕ್ಷೇಮವೇ, ನಿಯಮಗಳು ಅದಕ್ಕಿಂತ ಹೆಚ್ಚಿಗೆ ಅವಕಾಶ ಕೊಡುತ್ತವೆ. ಯಾರೂ ಕೇಳಿರಲಿಲ್ಲ. ಆದರೂ ಅಕ್ಕ ಐದರ ಲೆಕ್ಕದಲ್ಲಿ ಹೊಸ ವಿಡಿಯೋ ಮಾಡಿ, ನಗರಸಭೆಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಫೋನಿನಲ್ಲಿ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಟೈಲರಮ್ಮನ ಅಂಗಡಿಗೆ ಹೋದರು.

"ನಾಲ್ಕು ಅಂದಿದ್ದೆ. ಐದು ಬಂತು. ನನ್ನ ಲೆಕ್ಕ ಒಂದು ಮಿಲಿಮೀಟರು ತಪ್ಪಿದೆ."

ಟೈಲರಮ್ಮ ಮೆಷಿನ್ನಿನ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿ, ಅಕ್ಕನನ್ನೂ ನನ್ನನ್ನೂ ಸರದಿಯಂತೆ ನೋಡಿದರು. "ಇದನ್ನ ಹೇಳೋಕೆ ಅಷ್ಟು ದೂರದಿಂದ ಬಂದ್ರಾ?"

"ಹೂಂ."

"ಕೂತ್ಕೊಳ್ಳಿ" ಎಂದು ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹೊರಗಡೆ ಶಾಲೆ ಬಿಟ್ಟಿತ್ತು.

ಕಟ್ಟುವವರನ್ನು ಲೋಕ ಕಲ್ಲಿನ ಮೇಲೆ ಕೆತ್ತಿಸಿ ನೆನೆಯುತ್ತದೆ. ಕೆಡಹುವವರನ್ನು ಶಪಿಸಿಯಾದರೂ ನೆನೆಯುತ್ತದೆ. ಇವರಿಬ್ಬರ ನಡುವೆ, ನಿಂತಿರುವ ವಸ್ತುಗಳ ಒಳಗಿನ ಅತಿಸೂಕ್ಷ್ಮ ಚಲನೆಯನ್ನು ನಮ್ಮಂಥವರ ಮಂದ ಕಣ್ಣಿಗೆ ಕಾಣಿಸುವುದನ್ನೇ ಕಾಯಕ ಮಾಡಿಕೊಂಡ ಒಂದು ಸಣ್ಣ ಕುಲವಿದೆ. ಆ ಕುಲದವರು ಹೆದರಬೇಡಿ ಎಂದು ಬೆನ್ನು ತಟ್ಟುವುದಿಲ್ಲ, ಹೆದರಿಸಿ ಕೈತೊಳೆದುಕೊಳ್ಳುವುದೂ ಇಲ್ಲ. ಕೈಲಾದಷ್ಟು ನಿಚ್ಚಳವಾಗಿ ತೋರಿಸಿ, ಪಕ್ಕಕ್ಕೆ ಸರಿದು, ನೋಡಿದವರು ತಾವೇ ಒಂದು ನಿರ್ಧಾರಕ್ಕೆ ಬರುವವರೆಗೆ ಕಾಯುತ್ತಾರೆ. ತಮ್ಮ ಲೆಕ್ಕ ತಪ್ಪಿದ ದಿನ ಅದನ್ನು ಬೇರೆಯವರು ಕಂಡುಹಿಡಿಯಲಿ ಎಂದು ಕೂರುವುದಿಲ್ಲ. ತಾವೇ ಬಂದು ಬಾಗಿಲು ತಟ್ಟುತ್ತಾರೆ. ಅಂಥವರು ಒಬ್ಬಿಬ್ಬರಾದರೂ ಇರುವ ಊರಿನಲ್ಲಿ ಜನ ನಂಬಿ ಹೆಜ್ಜೆ ಇಡುತ್ತಾರೆ, ಹೆಜ್ಜೆ ಇಡುತ್ತಿದ್ದೇವೆಂಬುದನ್ನೂ ಮರೆತು ಮಾತಾಡಿಕೊಂಡು ದಾಟುತ್ತಾರೆ. ಆ ಮರೆವಿಗಿಂತ ದೊಡ್ಡ ಸನ್ಮಾನ ಆ ಕುಲಕ್ಕೆ ಬೇಕಾಗಿಯೂ ಇಲ್ಲ.